ಚಿತ್ರ ಬಾರದವರ ಚಿತ್ರದ ಗುಂಪು: ಆರ್ಟ್ ಥೆರಪಿಗೆ ಹೋದರೆ ಏನಾಗುತ್ತದೆ?

"ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಆರ್ಟ್ ಗ್ರೂಪ್ ಇದೆ, ಒಮ್ಮೆ ಬಂದು ಕೂತು ನೋಡಿ" ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರೋ ಮನೋವೈದ್ಯರೋ ನಿಮಗೆ ಹೇಳಿರಬಹುದು. ಕೇಳಿದ ತಕ್ಷಣ ನಿಮಗೆ ಹೊಳೆದ ಉತ್ತರ ಈ ಎರಡರಲ್ಲಿ ಒಂದಾಗಿರುತ್ತದೆ. "ನನಗೆ ಚಿತ್ರ ಬರೆಯೋಕೆ ಬರಲ್ಲ, ಏಳನೇ ಕ್ಲಾಸಿನಲ್ಲಿ ಮಾವಿನಕಾಯಿ ಬಿಡಿಸಿದ್ದೇ ಕೊನೆ." ಇಲ್ಲವೇ, "ಬಂದಿರೋದು ಕಾಯಿಲೆ ವಾಸಿ ಮಾಡಿಸಿಕೊಳ್ಳೋಕೆ, ಮಕ್ಕಳ ಹಾಗೆ ಬಣ್ಣ ಹಚ್ಚೋಕಲ್ಲ."

ಮೊದಲನೆಯದು ಬೇಡದ ಭಯ. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. ಎರಡನ್ನೂ ನೋಡೋಣ.

ಡ್ರಾಯಿಂಗ್ ಕ್ಲಾಸಿಗೂ ಇದಕ್ಕೂ ಏನು ವ್ಯತ್ಯಾಸ?

ಡ್ರಾಯಿಂಗ್ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸುತ್ತಾರೆ, ತಪ್ಪನ್ನು ತಿದ್ದುತ್ತಾರೆ, ಕೊನೆಗೆ ಯಾರದು ಚೆನ್ನಾಗಿದೆ ಎಂದು ಹೇಳುತ್ತಾರೆ. ಆರ್ಟ್ ಥೆರಪಿ ಗುಂಪಿನಲ್ಲಿ ಈ ಮೂರೂ ಇಲ್ಲ. ಸಾಮಾನ್ಯವಾಗಿ ಆರರಿಂದ ಹತ್ತು ಜನ ಇರುತ್ತಾರೆ. ವಾರಕ್ಕೊಮ್ಮೆ ಒಂದರಿಂದ ಒಂದೂವರೆ ಗಂಟೆ, ಎಂಟು ಹತ್ತು ವಾರಗಳ ಕಾಲ, ಸಾಧ್ಯವಾದಷ್ಟೂ ಅದೇ ಜನ ಸೇರುತ್ತಾರೆ. ನಡುವೆ ಹೊಸಬರು ಬಂದು ಹೋಗುತ್ತಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ, ಅದಕ್ಕಾಗಿ ಈ ಕಟ್ಟುನಿಟ್ಟು.

ಮೊದಲ ಐದು ಹತ್ತು ನಿಮಿಷ ಬರೀ ಕೈ ಸಡಿಲ ಮಾಡಿಕೊಳ್ಳುವುದು. ಕಣ್ಣು ಮುಚ್ಚಿ ಕಾಗದದ ಮೇಲೆ ಗೀಚಿ ಎನ್ನಬಹುದು, ಇಂದು ಬೆಳಿಗ್ಗೆ ಯಾವ ಬಣ್ಣದ ಹಾಗಿತ್ತು ಎಂದು ಕೇಳಬಹುದು. ಆಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ. ಕೊನೆಗೆ ಎಲ್ಲವನ್ನೂ ನೆಲದ ಮೇಲೋ ಮೇಜಿನ ಮೇಲೋ ಹರಡಿ ನೋಡುತ್ತಾರೆ. ಹೇಳಬೇಕೆನಿಸಿದವರು ತಮ್ಮದರ ಬಗ್ಗೆ ಎರಡು ಮಾತು ಹೇಳುತ್ತಾರೆ. "ನಾನು ಇವತ್ತು ಹೇಳಲ್ಲ" ಎಂದರೆ ಅಲ್ಲಿಗೆ ಮುಗಿಯಿತು, ಯಾರೂ ಒತ್ತಾಯಿಸುವಂತಿಲ್ಲ. ಗುಂಪಿನಲ್ಲಿ ಕೇಳಿದ್ದು ಗುಂಪಿನಲ್ಲೇ ಇರಬೇಕು ಎಂಬುದು ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳುವ ನಿಯಮ.

ಕೈಗೆ ಏನು ಕೊಡುತ್ತಾರೆ ಎಂಬುದೂ ಯೋಚಿಸಿ ಮಾಡುವ ಕೆಲಸ. ಪೆನ್ಸಿಲ್, ಕ್ರೇಯಾನ್, ಹಳೆಯ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸುವ ಚಿತ್ರಗಳು ನಮ್ಮ ಹಿಡಿತದಲ್ಲಿರುತ್ತವೆ. ನೀರಿನ ಬಣ್ಣ ಹಾಗಲ್ಲ, ಹಚ್ಚಿದ ಕಡೆ ನಿಲ್ಲದೆ ಹರಿಯುತ್ತದೆ. ಹಸಿ ಜೇಡಿಮಣ್ಣು ಕೈಗೆ ತಾಗಿದರೆ ಕೆಲವರಿಗೆ ಹಾಯೆನಿಸುತ್ತದೆ, ಕೆಲವರಿಗೆ ಅಳು ಒತ್ತರಿಸಿ ಬರುತ್ತದೆ. ಹಾಗಾಗಿ ತುಂಬಾ ಕಲಕಿಹೋಗಿರುವವರಿಗೆ ಮೊದಲ ದಿನವೇ ನೀರಿನ ಬಣ್ಣ ಕೊಡದೆ ಪೆನ್ಸಿಲಿನಿಂದಲೋ ಕತ್ತರಿಸಿ ಅಂಟಿಸುವುದರಿಂದಲೋ ಶುರುಮಾಡಿಸುತ್ತಾರೆ. "ನನಗೇಕೆ ಪೇಂಟ್ ಕೊಡಲಿಲ್ಲ" ಎಂದು ಬೇಸರಪಡಬೇಡಿ.

ಇದು ಹುಟ್ಟಿದ್ದು ಒಬ್ಬ ರೋಗಿಯಿಂದ

ಆರ್ಟ್ ಥೆರಪಿ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಅವರು ವೈದ್ಯರಲ್ಲ. ಕ್ಷಯರೋಗ ಬಂದು ಸ್ಯಾನಟೋರಿಯಮ್ ಒಂದರಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗ ಕ್ಷಯಕ್ಕೆ ಇಂದಿನ ಮಾತ್ರೆಗಳಿರಲಿಲ್ಲ. ಮಲಗಿ ಕಾಯುವುದೇ ದೊಡ್ಡ ಚಿಕಿತ್ಸೆ. ಕಾಯುವ ಆ ದಿನಗಳಲ್ಲಿ ಅವರು ಮಂಚದ ಮೇಲೆಯೇ ಚಿತ್ರ ಬರೆದರು, ಅದರಿಂದ ತಮಗೆ ಚೇತರಿಕೆಯಾಯಿತು ಎಂದು ಕಂಡುಕೊಂಡರು. ಆಮೇಲೆ ಅದೇ ಸ್ಯಾನಟೋರಿಯಮ್ಮಿನ ಇತರ ರೋಗಿಗಳಿಗೂ ಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗೂ ಬಣ್ಣ, ಕಾಗದ ಕೊಟ್ಟು ಕೂರಿಸಿದರು. ಹೊತ್ತು ಕಳೆಯಲಿ ಎಂದು ಕೊಟ್ಟ ಕಾಗದದ ಮೇಲೆ ಆ ಸೈನಿಕರು ಬಾಯಲ್ಲಿ ಹೇಳದೆ ಇಟ್ಟುಕೊಂಡಿದ್ದ ಭಯವನ್ನೆಲ್ಲ ಬಿಡಿಸತೊಡಗಿದರು. ಬ್ರೆಜಿಲ್‌ನಲ್ಲಿ ನೀಸೆ ದ ಸಿಲ್ವೇರಾ ಎಂಬ ಮನೋವೈದ್ಯೆ 1946ರಲ್ಲಿ ರಿಯೋ ನಗರದ ಮಾನಸಿಕ ಆಸ್ಪತ್ರೆಯೊಳಗೆ ಚಿತ್ರಶಾಲೆ ತೆರೆದರು. ವರ್ಷಗಟ್ಟಲೆ ಮಾತೇ ಆಡದ ರೋಗಿಗಳು ಅಲ್ಲಿ ಬರೆದ ಚಿತ್ರಗಳಿಗಾಗಿ 1952ರಲ್ಲಿ ಒಂದು ವಸ್ತುಸಂಗ್ರಹಾಲಯವೇ ಶುರುವಾಯಿತು.

ಒಬ್ಬರೇ ಮನೆಯಲ್ಲಿ ಕೂತು ಬರೆದರೆ ಸಾಲದೇ?

ಸಾಲದು ಎಂದಲ್ಲ. ಒಬ್ಬರೇ ಬರೆಯುವುದರಿಂದಲೂ ಮನಸ್ಸು ಹಗುರಾಗುತ್ತದೆ. ಆದರೆ ಗುಂಪಿನಲ್ಲಿ ಆಗುವುದೇ ಬೇರೆ.

ಮಾತಿನ ಗುಂಪುಗಳನ್ನು ನೋಡಿ. ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಬಾಯಿ ಜೋರಿರುವವರಿಗೆ ಅರ್ಧ ಹೊತ್ತು, ಸಂಕೋಚದವರಿಗೆ ಕೊನೆಯ ಎರಡು ನಿಮಿಷ. ನಾಲ್ಕು ಜನರ ಎದುರು ತನ್ನ ಕಷ್ಟ ಹೇಳಿಕೊಂಡು ಅಭ್ಯಾಸವಿಲ್ಲದ ಅತ್ತೆ, ಅಜ್ಜಿ, ನಿವೃತ್ತ ಗುಮಾಸ್ತರು ಅಲ್ಲಿ ಮೂಲೆ ಸೇರುತ್ತಾರೆ. ಚಿತ್ರದ ಗುಂಪಿನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಕೆಲಸ. ಕೊನೆಗೆ ಎಲ್ಲರ ಮುಂದೆಯೂ ತಮ್ಮದೆನ್ನುವ ಒಂದು ಕಾಗದ ಇರುತ್ತದೆ. ಮಾತಾಡಬೇಕಾದರೆ "ನಾನು" ಎಂದು ಶುರುಮಾಡಬೇಕಿಲ್ಲ, "ಇದು" ಎಂದು ಕಾಗದದ ಕಡೆ ಕೈ ತೋರಿಸಬಹುದು. ಹೇಳಲಾಗದ್ದನ್ನು ಹೇಳಲು ಆ ಗೇಣುದ್ದದ ದೂರ ಬಹಳ ಅನುಕೂಲ.

ಇನ್ನೊಂದು, ಪಕ್ಕದವರ ಕಾಗದ. ನಿಮಗೆ ಮಾತ್ರ ಹೀಗಾಗುತ್ತಿದೆ, ನೀವೊಬ್ಬರೇ ಇಷ್ಟು ಹೆದರುಪುಕ್ಕಲರು ಎಂದು ನೀವು ನಂಬಿಕೊಂಡಿರುತ್ತೀರಿ. ಪಕ್ಕದವರು ಸ್ಕ್ಯಾನಿಂಗ್ ಯಂತ್ರವನ್ನು ಬಾಯಿ ತೆರೆದ ಗವಿಯ ಹಾಗೆ ಬರೆದಿದ್ದನ್ನು ಕಂಡಾಗ ಆ ನಂಬಿಕೆ ಸಡಿಲವಾಗುತ್ತದೆ. ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಗುಂಪಿನಿಂದ ಆಗುವ ಉಪಕಾರಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. ಇದು ಯಾರೊಬ್ಬರ ಕಥೆಯೂ ಅಲ್ಲ, ಇಂಥ ಗುಂಪುಗಳಲ್ಲಿ ನಡೆಯುವಂಥದ್ದನ್ನು ಸೇರಿಸಿ ಕಟ್ಟಿದ್ದು. ಹೈದರಾಬಾದಿನಲ್ಲಿ ಮಗನ ಮನೆಯಲ್ಲಿರುವ ಅರವತ್ತೆರಡು ವರ್ಷದ ತಾಯಿ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದು ನಾಲ್ಕು ತಿಂಗಳಾಗಿದೆ. ಊರಿಂದ ಫೋನ್ ಬಂದರೆ ಮಗ "ಅಮ್ಮ ಈಗ ಆರಾಮ" ಎನ್ನುತ್ತಾನೆ, ಇವರೂ "ಹೌದಪ್ಪ" ಎನ್ನುತ್ತಾರೆ. ಗುಂಪಿನಲ್ಲಿ ಮೊದಲ ವಾರ ಕಾಗದದ ಮೂಲೆಯಲ್ಲಿ ರೂಪಾಯಿಯಗಲದ ಒಂದು ಹೂವು ಬರೆದು ಕೈಕಟ್ಟಿ ಕೂತರು. ಎರಡನೇ ವಾರವೂ ಅದೇ ಹೂವು. ಮೂರನೇ ವಾರ ಪಕ್ಕದ ಯುವಕ ಕಾಗದವನ್ನು ಹರಿದು ಮತ್ತೆ ಅಂಟಿಸುತ್ತಿದ್ದುದನ್ನು ನೋಡಿದರು. ಐದನೇ ವಾರ ತಾವೂ ಹರಿದರು, ಅಂಟಿಸಿದರು, ನಡುವೆ ಒಂದಿಷ್ಟು ಜಾಗ ಖಾಲಿ ಉಳಿಯಿತು. "ಅದು ಬೇಕಂತಲೇ ಬಿಟ್ಟಿದ್ದು" ಎಂದರು, ಮತ್ತೇನೂ ಹೇಳಲಿಲ್ಲ. ಆ ವಾರ ಮನೆಯಲ್ಲಿ ಮಗನಿಗೆ ಅಂದರು: "ಚೆಕಪ್ಪಿಗೆ ಹೋಗೋ ಹಿಂದಿನ ರಾತ್ರಿ ನನಗೆ ನಿದ್ದೆ ಬರಲ್ಲ ಕಣೋ. ಮುಂದಿನ ಸಲ ನೀನು ಜೊತೆಗೆ ಬಾ."

ಕಲೆಯಿಂದ ವ್ಯಕ್ತಿ ಬೆಳೆಯುತ್ತಾನೆ, ಅರಳುತ್ತಾನೆ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಕರಪತ್ರಗಳಲ್ಲಿ ಓದಿರುತ್ತೀರಿ. ಬೆಳೆಯುವುದು ಎಂದರೆ ಬಹುತೇಕ ಇಷ್ಟೇ: ಬೇಕಾದ್ದನ್ನು ಬೇಕು ಎನ್ನಲು ಬರುವುದು, ಕೆಟ್ಟುಹೋದ ಕಾಗದವನ್ನು ಬಿಸಾಡದೆ ಅದರ ಮೇಲೇ ಮುಂದುವರಿಸುವುದು, ನೀಲಿ ಬೇಡ ಕೆಂಪು ಕೊಡಿ ಎಂದು ಕೇಳುವುದು. ಆಸ್ಪತ್ರೆಯಲ್ಲಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಯಾವ ಇಂಜೆಕ್ಷನ್, ಯಾವ ದಿನ, ಎಷ್ಟು ಗಂಟೆಗೆ ಊಟ, ಯಾವುದೂ ನಿಮ್ಮ ಕೈಯಲ್ಲಿಲ್ಲ. ತಿಂಗಳುಗಟ್ಟಲೆ ಹಾಗೆ ಕಳೆದವರಿಗೆ ಒಂದು ಬಣ್ಣವನ್ನು ತಾನೇ ಆರಿಸುವುದು ಸಣ್ಣ ವಿಷಯವಲ್ಲ.

ದೊಡ್ಡ ಕಷ್ಟ ದಾಟಿದ ಕೆಲವರಲ್ಲಿ ಬದುಕಿನ ಬಗ್ಗೆ ಹೊಸ ತಿಳಿವು ಮೂಡುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್ 1990ರ ದಶಕದಲ್ಲಿ ಅಧ್ಯಯನ ಮಾಡಿದರು. ಅದು ನಿಜವೇ. ಆದರೆ "ಕಾಯಿಲೆ ನನಗೆ ಪಾಠ ಕಲಿಸಿತು" ಎಂದು ಎಲ್ಲರೂ ಹೇಳಲೇಬೇಕೆಂಬ ಒತ್ತಡ ಈಗ ಶುರುವಾಗಿದೆ, ಅದು ನನಗೆ ಸರಿ ಕಾಣುವುದಿಲ್ಲ. ಕಾಯಿಲೆ ಬಂದು ಏನೂ ಕಲಿಯದಿದ್ದರೂ ನೀವು ಯಾರಿಗೂ ಬಾಕಿ ಇಲ್ಲ. ನಗುವ ಸೂರ್ಯನನ್ನೇ ಬರೆಯಿರಿ, ಪಾಸಿಟಿವ್ ಆಗಿರಿ ಎಂದು ಒತ್ತಾಯಿಸುವ ಗುಂಪಿಗಿಂತ ಮನೆಯಲ್ಲಿ ಮಲಗಿರುವುದು ಮೇಲು.

ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ?

ಇಲ್ಲ. ಗಡ್ಡೆ ಕರಗುವುದಿಲ್ಲ, ಸ್ಕಿಜೋಫ್ರೀನಿಯಾದ ಮಾತ್ರೆಗೆ ಇದು ಬದಲಿಯಲ್ಲ. ಹಾಗೆಂದು ಯಾರಾದರೂ ಹೇಳಿದರೆ ಆ ಗುಂಪಿನಿಂದ ಎದ್ದು ಬನ್ನಿ.

ಕಲೆ ಮತ್ತು ಆರೋಗ್ಯದ ಕುರಿತ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರದಿ ಪ್ರಕಟಿಸಿತು. ಕಾಯಿಲೆಯ ಜೊತೆ ಬರುವ ಆತಂಕ, ಒಂಟಿತನ, ಬೇಸರಗಳ ವಿಷಯದಲ್ಲಿ ಕಲೆ ನೆರವಾಗಬಲ್ಲದು ಎಂಬುದು ಅದರ ಸಾರ. ಅಮೆರಿಕದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಕಲೆಯಲ್ಲಿ ತೊಡಗಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆಯಾಗಿತ್ತು. ಮೊದಲೇ ಚಿತ್ರ ಬರುತ್ತಿದ್ದವರಿಗೂ ಬಾರದವರಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಏಳನೇ ಕ್ಲಾಸಿನ ಮಾವಿನಕಾಯಿಯ ಚಿಂತೆ ಬಿಡಿ ಎಂದು ಹೇಳಲು ಇದು ಸಾಕು. ಆದರೆ ಇದು ಚಿಕ್ಕ ಅಧ್ಯಯನ, ಅವರು ಆರೋಗ್ಯವಂತರು, ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ ಎಂಬುದನ್ನೂ ನೆನಪಿಡಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ಸ್ಕಿಜೋಫ್ರೀನಿಯಾ ಇರುವ 417 ಜನರನ್ನು ಎರಡು ವರ್ಷ ಗಮನಿಸಿದ ದೊಡ್ಡ ಅಧ್ಯಯನವೊಂದು 2012ರಲ್ಲಿ ಬಂತು. ಗುಂಪಿನ ಆರ್ಟ್ ಥೆರಪಿಗೆ ಕಳಿಸಲ್ಪಟ್ಟವರ ಸ್ಥಿತಿ, ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಒಟ್ಟಾರೆ ಉತ್ತಮವಾಗಿರಲಿಲ್ಲ. ಹೆಸರು ಬರೆಸಿದವರಲ್ಲಿ ಅನೇಕರು ಒಂದು ದಿನವೂ ಹೋಗಿರಲಿಲ್ಲ ಎಂಬುದೂ ಅದರಲ್ಲಿದೆ. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಬೇರೆಯವರು ಹೆಸರು ಬರೆಸಿ ಕಳಿಸಿದರೆ ಪ್ರಯೋಜನ ಕಡಿಮೆ. ಮನಸ್ಸಿದ್ದವರು ಹೋಗಲಿ, ಮೂರು ನಾಲ್ಕು ವಾರ ನೋಡಲಿ, ಸರಿಬಾರದಿದ್ದರೆ ಬಿಡಲಿ. ಹೋಗದಿದ್ದರೆ ಅದು ನಿಮ್ಮ ಸೋಲೇನಲ್ಲ.

ಭಾಷೆಯ ತೊಡಕು

ಪುಣೆಯಲ್ಲಿ ಗುಂಪು ಮರಾಠಿಯಲ್ಲಿ ನಡೆಯುತ್ತದೆ, ಚೆನ್ನೈಯಲ್ಲಿ ತಮಿಳಿನಲ್ಲಿ, ದೆಹಲಿಯಲ್ಲಿ ಹಿಂದಿಯಲ್ಲಿ. ಮೂವತ್ತು ವರ್ಷ ಅಲ್ಲೇ ಇದ್ದು ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಭಾಷೆ ಬಂದಿದ್ದರೂ ಎದೆಯೊಳಗಿನದನ್ನು ಹೇಳುವಾಗ ಅದು ಕೈಕೊಡುತ್ತದೆ. ಕನ್ನಡದಲ್ಲಿ "ಸಂಕಟ" ಎಂದರೆ ಹೊಟ್ಟೆಯ ತೊಳಸೂ ಹೌದು, ಮನಸ್ಸಿನ ನೋವೂ ಹೌದು. "ಬೇಜಾರು" ಎಂದಾಗ ಅದು ಬರೀ ಹೊತ್ತು ಹೋಗದಿರುವುದೋ ಖಿನ್ನತೆಯೋ ಎಂದು ನಮ್ಮವರಿಗೆ ದನಿಯಲ್ಲೇ ತಿಳಿಯುತ್ತದೆ. ಬೇರೆ ಭಾಷೆಗೆ ತರುವಾಗ ಎರಡರಲ್ಲಿ ಒಂದು ಬಿದ್ದುಹೋಗುತ್ತದೆ, ಡಾಕ್ಟರು ಗ್ಯಾಸಿನ ಮಾತ್ರೆ ಬರೆಯುತ್ತಾರೆ.

ಚಿತ್ರದ ಗುಂಪು ಇಲ್ಲಿ ಕೈಹಿಡಿಯಬಲ್ಲದು, ಮೊದಲ ಅರ್ಧ ಭಾಗಕ್ಕೆ ಭಾಷೆಯೇ ಬೇಡ. ಕೊನೆಯ ಮಾತುಕತೆಯಲ್ಲಿ ಒಂದು ಉಪಾಯ ಮಾಡಿ. ಚಿತ್ರದ ಹಿಂದೆ ನಿಮಗೆ ತೋಚಿದ ಮಾತನ್ನು ಕನ್ನಡದಲ್ಲೇ ಬರೆಯಿರಿ. ಗುಂಪಿನಲ್ಲಿ ಆ ಮಾತನ್ನು ಕನ್ನಡದಲ್ಲೇ ಹೇಳಿ, ಆಮೇಲೆ ಬಂದಷ್ಟು ಬಿಡಿಸಿ ಹೇಳಿ. ಒಳ್ಳೆಯ ನಡೆಸುವವರು ಇದಕ್ಕೆ ಕಾಯುತ್ತಾರೆ.

ಅರ್ಥ ಹೇಳುವವರಿಂದ ದೂರವಿರಿ

ಕಪ್ಪು ಬಣ್ಣ ಹಚ್ಚಿದರೆ ಖಿನ್ನತೆ, ಮರಕ್ಕೆ ಬೇರು ಬರೆಯದಿದ್ದರೆ ಅಭದ್ರತೆ ಎಂಬ ಮಾತುಗಳನ್ನು ನಂಬಬೇಡಿ. ಒಂದು ಚಿತ್ರ ನೋಡಿ ಯಾರೂ ರೋಗ ಪತ್ತೆ ಮಾಡಲಾರರು. ಕಪ್ಪು ಕ್ರೇಯಾನೇ ಕೈಗೆ ಹತ್ತಿರ ಇದ್ದಿರಬಹುದು. ತಿಳಿದವರು "ಇದರ ಬಗ್ಗೆ ಏನಾದರೂ ಹೇಳ್ತೀರಾ?" ಎಂದು ಕೇಳಿ ಸುಮ್ಮನಾಗುತ್ತಾರೆ. "ಇದು ನಿಮ್ಮ ಅತ್ತೆ ಮೇಲಿನ ಸಿಟ್ಟು" ಎಂದು ಹೇಳುವವರು ಜ್ಯೋತಿಷ್ಯ ಹೇಳುತ್ತಿದ್ದಾರೆ, ಥೆರಪಿ ಮಾಡುತ್ತಿಲ್ಲ.

ವಾರಾಂತ್ಯದ ಎರಡು ದಿನದ ವರ್ಕ್‌ಶಾಪ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಹಾಗಾಗಿ ಕೇಳಿ: ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ, ಯಾರಾದರೂ ಕಲಕಿಹೋದರೆ ಯಾವ ವೈದ್ಯರಿಗೆ ತಿಳಿಸುತ್ತೀರಿ? ನಡೆಸುವವರು ಮನೋವೈದ್ಯರ ಜೊತೆಗೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆಗೋ ಕೆಲಸ ಮಾಡುತ್ತಿದ್ದರೆ ಒಳ್ಳೆಯದು. ನಿಮ್ಮ ಚಿತ್ರ ನಿಮ್ಮದು. ಒಪ್ಪಿಗೆಯಿಲ್ಲದೆ ಅದರ ಫೋಟೋ ತೆಗೆದು ವಾಟ್ಸ್ಆಪ್‌ಗೆ ಹಾಕುವಂತಿಲ್ಲ, ಪ್ರದರ್ಶನಕ್ಕೆ ಇಡುವಂತಿಲ್ಲ.

ದೇಹದ ಕಡೆಗೂ ಗಮನ ಇರಲಿ

ಕೀಮೋಥೆರಪಿ ನಡೆಯುತ್ತಿದ್ದರೆ ವಾಸನೆಯೇ ದೊಡ್ಡ ತೊಂದರೆ. ಟರ್ಪೆಂಟೈನ್, ಮಾರ್ಕರ್ ಪೆನ್ನು, ಘಾಟು ಗೋಂದು ವಾಕರಿಕೆ ತರುತ್ತವೆ, ಮೊದಲೇ ಹೇಳಿಬಿಡಿ. ಕೆಲವು ಔಷಧಗಳಿಂದ ಬೆರಳ ತುದಿ ಜೋಮು ಹಿಡಿದಿರುತ್ತದೆ, ಆಗ ಕತ್ತರಿ ಬೇಡ, ಕಾಗದವನ್ನು ಕೈಯಲ್ಲೇ ಹರಿದು ಅಂಟಿಸಿ. ಬಿಳಿ ರಕ್ತಕಣ ಕಡಿಮೆಯಾಗಿರುವ ದಿನಗಳಲ್ಲಿ ಹತ್ತು ಜನ ಮುಟ್ಟಿದ ಹಸಿಮಣ್ಣು ಮುಟ್ಟಬೇಕೇ, ಗುಂಪಿಗೆ ಹೋಗಬೇಕೇ ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ. ಲಕ್ವ ಹೊಡೆದು ಬಲಗೈ ಸ್ವಾಧೀನವಿಲ್ಲದವರು ಕಾಗದದ ನಾಲ್ಕು ಮೂಲೆಗೂ ಟೇಪ್ ಹಚ್ಚಿ ಮೇಜಿಗೆ ಅಂಟಿಸಿಕೊಂಡರೆ ಎಡಗೈಯಲ್ಲಿ ಬರೆಯಬಹುದು. ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಸಂಧಿವಾತದವರಿಗೂ ಹಿಡಿಯಲು ಸುಲಭ.

ಈಗ ಬೇಡ ಎನ್ನುವ ಸಂದರ್ಭಗಳೂ ಇವೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವುದು, ವಿಪರೀತ ಅನುಮಾನ, ಮೂರು ನಾಲ್ಕು ದಿನ ನಿದ್ದೆಯಿಲ್ಲದ ಉದ್ವೇಗ ಇದ್ದಾಗ ಗುಂಪಿನ ಗದ್ದಲ ಇನ್ನಷ್ಟು ಕೆರಳಿಸಬಹುದು. ಮೊದಲು ಚಿಕಿತ್ಸೆ, ಆಮೇಲೆ ಬಣ್ಣ. ಗುಂಪಿನಿಂದ ಮನೆಗೆ ಬಂದ ಮೇಲೆ ಎರಡು ದಿನವಾದರೂ ಅಳು ನಿಲ್ಲದಿದ್ದರೆ ನಡೆಸುವವರಿಗೆ ತಿಳಿಸಿ. ಸಾಯಬೇಕೆನ್ನುವ ಯೋಚನೆ ಬಂದರೆ ಮುಂದಿನ ಶನಿವಾರಕ್ಕೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ನೀವು ಯಾವ ಊರಿನಲ್ಲಿದ್ದರೂ ಕನ್ನಡವನ್ನು ಆಯ್ಕೆ ಮಾಡಿಕೊಳ್ಳಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅಂಥವರನ್ನು ಒಬ್ಬರೇ ಬಿಡಬೇಡಿ.

ನೋಡಿಕೊಳ್ಳುವವರಿಗೆ

ರೋಗಿಯನ್ನು ಕರೆದುಕೊಂಡು ಬಂದವರು ಪಕ್ಕದಲ್ಲೇ ಕೂತು "ಅಲ್ಲಿ ಹಸಿರು ಹಚ್ಚಿ ಅಪ್ಪಾ, ಗೆರೆ ಆಚೆ ಹೋಯ್ತು ನೋಡಿ" ಎನ್ನುವುದನ್ನು ಎಲ್ಲ ಕಡೆ ಕಾಣಬಹುದು. ಪ್ರೀತಿಯಿಂದಲೇ ಹೇಳುವುದು, ಆದರೆ ಅಲ್ಲಿಗೆ ಕಥೆ ಮುಗಿಯಿತು. ಆ ಒಂದು ಗಂಟೆ ಹೊರಗೆ ಹೋಗಿ ಚಹಾ ಕುಡಿಯಿರಿ. ಮನೆಗೆ ತಂದ ಚಿತ್ರ ನೋಡಿ "ಚೆನ್ನಾಗಿದೆ" ಎಂದರೆ ಮಾತು ಅಲ್ಲೇ ನಿಲ್ಲುತ್ತದೆ. "ಇದನ್ನ ಎಲ್ಲಿಂದ ಶುರು ಮಾಡಿದಿರಿ?" ಎಂದು ಕೇಳಿ ನೋಡಿ. ಉತ್ತರ ಬಾರದಿದ್ದರೆ ಮತ್ತೆ ಕೇಳಬೇಡಿ.

ನಿಮಗೂ ಒಂದು ಗುಂಪು ಬೇಕು, ಅದು ರೋಗಿಯ ಗುಂಪಿಗಿಂತ ಬೇರೆಯಾಗಿರಬೇಕು. ರೋಗಿಯ ಎದುರು ನಿಮ್ಮ ಸುಸ್ತನ್ನು, ಸಿಟ್ಟನ್ನು ನೀವು ಎಂದಿಗೂ ಕಾಗದಕ್ಕೆ ಇಳಿಸುವುದಿಲ್ಲ. ಮೂರು ವರ್ಷದಿಂದ ಅತ್ತೆಯ ಮರೆವಿನ ಕಾಯಿಲೆ ನೋಡಿಕೊಳ್ಳುತ್ತಿರುವ ಸೊಸೆಗೆ "ಕೆಲವು ಸಲ ಓಡಿಹೋಗೋಣ ಅನಿಸುತ್ತೆ" ಎಂದು ಹೇಳಲು ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬಳು ಬೇಕು.

ಚಿತ್ರವೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದುದು ನಿಮಗೆ ನೆನಪಿರಬಹುದು; ಮುಂಬೈ, ಪುಣೆಯವರು ಗೋಧಡಿ ಎನ್ನುವುದು ಇದನ್ನೇ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಂತೂ ಹೆಸರುವಾಸಿ. ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಮನೆಯವರು, ಗೆಳೆಯರು ಒಬ್ಬೊಬ್ಬರ ಹೆಸರಿನಲ್ಲಿ ಮೂರಡಿ ಅಗಲ, ಆರಡಿ ಉದ್ದದ, ಅಂದರೆ ಸುಮಾರು ಒಂದು ಸಮಾಧಿಯಷ್ಟು ದೊಡ್ಡ ಬಟ್ಟೆಯನ್ನು ಹೊಲಿದರು. 1987ರ ಅಕ್ಟೋಬರಿನಲ್ಲಿ ಅಂಥ 1,920 ತುಂಡುಗಳನ್ನು ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದರು. ಆ ಕಾಯಿಲೆಯ ಹೆಸರನ್ನು ಜೋರಾಗಿ ಹೇಳಲೂ ಜನ ಅಂಜುತ್ತಿದ್ದ ಕಾಲ ಅದು. ಮನೆಯವರನ್ನು ಕಳೆದುಕೊಂಡ ನಾಲ್ಕೈದು ಜನ ಸೇರಿ ಅವರ ಹಳೆಯ ಅಂಗಿ, ಸೀರೆಗಳಿಂದ ಕೌದಿ ಹೊಲಿಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬಟ್ಟೆಗೆ ಕತ್ತರಿ ಹಾಕಲು ಇನ್ನೂ ಮನಸ್ಸು ಬಾರದಿದ್ದರೆ ಸುಮ್ಮನೆ ಮಡಿಲಲ್ಲಿಟ್ಟು ಕೂತರೂ ಆದೀತು.

ಎಲ್ಲಿ ವಿಚಾರಿಸುವುದು?

ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯ ವಿಭಾಗ, ಮಾನಸಿಕ ಆರೋಗ್ಯ ಆಸ್ಪತ್ರೆಗಳಲ್ಲಿ ಪುನರ್ವಸತಿ ವಿಭಾಗ ಅಥವಾ ಡೇ ಕೇರ್, ಉಳಿದೆಡೆ ಆಕ್ಯುಪೇಷನಲ್ ಥೆರಪಿ ವಿಭಾಗ. "ಆರ್ಟ್ ಥೆರಪಿ ಇದೆಯಾ?" ಎಂದಷ್ಟೇ ಕೇಳಿದರೆ ಇಲ್ಲ ಎನ್ನಬಹುದು, "ರೋಗಿಗಳ ಸಪೋರ್ಟ್ ಗ್ರೂಪ್ ಯಾವುದಾದರೂ ಇದೆಯಾ?" ಎಂದೂ ಕೇಳಿ. ಎಲ್ಲೂ ಇಲ್ಲದಿದ್ದರೆ ನಿಮ್ಮ ಊರಿನ ಕನ್ನಡ ಸಂಘದ ಕೋಣೆಯಲ್ಲೋ ಸೊಸೈಟಿಯ ಹಾಲಿನಲ್ಲೋ ಆರು ಜನ ಸೇರಬಹುದು. ಅದನ್ನು ಥೆರಪಿ ಎಂದು ಕರೆಯಬೇಡಿ, ಹಳೆಯ ಗಾಯಗಳನ್ನು ಕೆದಕುವ ವಿಷಯ ಕೊಡಬೇಡಿ. ಊರಿನ ಬಾವಿ, ಅಜ್ಜಿಯ ಅಡುಗೆಮನೆ, ಈ ವಾರ ನನಗೆ ದಣಿವಾದ ಹೊತ್ತು, ಇಷ್ಟು ಸಾಕು. ಮಾತಾಡಲೇಬೇಕೆಂಬ ಕಡ್ಡಾಯ ಬೇಡ, ಯಾರದು ಚೆಂದ ಎಂಬ ಬಹುಮಾನವಂತೂ ಬೇಡವೇ ಬೇಡ.

ಮೊದಲ ದಿನ ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ಆಯಿಲ್ ಪೇಸ್ಟಲ್ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕನ್ನಡಕ, ನೀರಿನ ಬಾಟಲಿ, ಆ ಹೊತ್ತಿನ ಮಾತ್ರೆ ಜೊತೆಗಿರಲಿ. ಬೇಗ ದಣಿಯುವವರಾದರೆ ಅರ್ಧಕ್ಕೇ ಎದ್ದು ಬರುತ್ತೇನೆ ಎಂದು ಹೋದ ಕೂಡಲೇ ಹೇಳಿಡಿ, ಬಾಗಿಲ ಹತ್ತಿರದ ಕುರ್ಚಿ ಹಿಡಿಯಿರಿ.